‘ರಿಸ್ಟ್ ಫ್ರ್ಯಾಕ್ಚರ್’ ಎಂದಷ್ಟೇ ಬರೆದಿದ್ದರೆ ಯಾವ ಕೋಡ್, ಮತ್ತು ಕೊನೆಯ ಅಕ್ಷರ ಎ ಆಗಬೇಕೆ, ಡಿ ಆಗಬೇಕೆ?

ವೈದ್ಯರ ಟಿಪ್ಪಣಿಯಲ್ಲಿ ‘ಎಡಗೈ ರಿಸ್ಟ್ ಫ್ರ್ಯಾಕ್ಚರ್’ (ಎಡ ಮಣಿಕಟ್ಟಿನ ಮುರಿತ) ಎಂದು ಮಾತ್ರ ಇದ್ದರೆ ರೋಗನಿರ್ಣಯದ ಕೋಡ್ ಆಗಿ ಎಸ್62.102 ಹಾಕಿ ಮುಗಿಸಬಹುದೆ, ರೋಗಿ ಆ ಕ್ಲಿನಿಕ್ಕಿಗೆ ಮೊದಲ ಸಲ ಬಂದಿರುವುದರಿಂದ ಏಳನೆಯ ಅಕ್ಷರ ಎ ಎಂದೇ ಇರಬೇಕೆ ಎಂದು ನೀವು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಮೂಳೆ ವಿಭಾಗದ ಚಾರ್ಟ್‌ಗಳಿಗೆ ಕೋಡ್ ಹಾಕುವುದು, ಇತರರು ಹಾಕಿದ್ದನ್ನು ಪರಿಶೀಲಿಸುವುದು ನನ್ನ ಕೆಲಸ. ಆದ್ದರಿಂದ ಅಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಐಸಿಡಿ-10-ಸಿಎಂ ಎಂಬ ರೋಗನಿರ್ಣಯ ಸಂಹಿತೆಯ ಪ್ರಕಾರವೇ ಉತ್ತರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಮಣಿಕಟ್ಟಿನ ಸಣ್ಣ ಮೂಳೆಗಳಲ್ಲೊಂದಾದ ಸ್ಕ್ಯಾಫಾಯ್ಡ್ ಮುರಿತಕ್ಕೆ ಎಸ್62.0 ಎಂಬಲ್ಲಿಗೇ ಸಂಹಿತೆ ಬಹುಮಟ್ಟಿಗೆ ಮುಗಿಯುತ್ತದೆ. ಎಡ-ಬಲ, ಚಿಕಿತ್ಸೆಯ ಹಂತ ಇವೆಲ್ಲ ಅಮೆರಿಕದ ಆವೃತ್ತಿಯಲ್ಲಿ ಸೇರಿದವು.

ಮೊದಲ ಪ್ರಶ್ನೆಗೆ ನೇರ ಉತ್ತರ: ಇಡೀ ಚಾರ್ಟ್‌ನಲ್ಲಿ ಬೇರೇನೂ ಇಲ್ಲದಿದ್ದರೆ ಎಸ್62.102 ತಪ್ಪಲ್ಲ, ಏಕೆಂದರೆ ಹೆಸರಿನಿಂದ ಕೋಡ್ ಹುಡುಕುವ ಇಂಡೆಕ್ಸ್‌ನಲ್ಲಿ ಮಣಿಕಟ್ಟಿನ ಮುರಿತ ಎಂಬ ನಮೂದು ಎಸ್62.10ಕ್ಕೇ, ಅಂದರೆ ಯಾವುದೆಂದು ಹೇಳದ ಕಾರ್ಪಲ್ ಮೂಳೆಗೇ (ಮಣಿಕಟ್ಟಿನ ಸಣ್ಣ ಮೂಳೆ) ಕರೆದೊಯ್ಯುತ್ತದೆ. ಆದರೆ ಇಲ್ಲಿ ನಿಲ್ಲಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಈ ಮಾತನ್ನು ಬರೆಯುವವರ ಮನಸ್ಸಿನಲ್ಲಿ ಹಲವು ಸಲ ಇರುವುದು ಕಾರ್ಪಲ್ ಮೂಳೆಯಲ್ಲ, ಮುಂಗೈಯ ರೇಡಿಯಸ್ ಮೂಳೆಯ ಕೆಳತುದಿ. ಅದು ಎಸ್62ರಲ್ಲಿ ಇಲ್ಲವೇ ಇಲ್ಲ, ಎಸ್52.5ರಲ್ಲಿದೆ, ತುಣುಕು ಕೈಯ ಹಿಂಬದಿಗೆ ಸರಿದ ಕೋಲ್ಸ್ ಮುರಿತವಾದರೆ ಎಸ್52.53, ಅಂಗೈ ಕಡೆಗೆ ಸರಿದ ಸ್ಮಿತ್ ಮುರಿತವಾದರೆ ಎಸ್52.54. ವೈದ್ಯರು ಮುರಿತವಿದೆ ಎಂದು ನಿರ್ಣಯಿಸಿದ ಮೇಲೆ, ಮುರಿದದ್ದು ಯಾವ ಮೂಳೆ, ಯಾವ ಭಾಗ ಎಂಬ ನಿಖರತೆಗಾಗಿ ಎಕ್ಸ್‌-ರೇ ವರದಿಯನ್ನು ಬಳಸಿಕೊಳ್ಳಲು ಅವಕಾಶವಿದೆ. ಹಾಗಾಗಿ ವರದಿಯನ್ನು ತೆರೆಯದೆ ‘ಅನಿರ್ದಿಷ್ಟ’ ಕೋಡ್ ಹಾಕುವುದು ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ.

ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಏಳನೆಯ ಅಕ್ಷರ ಭೇಟಿಗಳ ಲೆಕ್ಕವಲ್ಲ, ಚಿಕಿತ್ಸೆಯ ಹಂತ. ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವವರೆಗೆ, ರೋಗಿ ಎಷ್ಟನೆಯ ಸಲ ಬಂದಿರಲಿ, ನೋಡುತ್ತಿರುವ ವೈದ್ಯರು ಹಳಬರಿರಲಿ ಹೊಸಬರಿರಲಿ, ಮುಚ್ಚಿದ ಮುರಿತಕ್ಕೆ ಎ, ಚರ್ಮ ಸೀಳಿದ ತೆರೆದ ಮುರಿತಕ್ಕೆ ಬಿ. ಸಕ್ರಿಯ ಚಿಕಿತ್ಸೆ ಮುಗಿದು ಮೂಳೆ ಕೂಡಿಕೊಳ್ಳುವ ಹಂತಕ್ಕೆ ಬಂದ ಮೇಲೆ, ಅದು ಹೊಸ ಕ್ಲಿನಿಕ್ಕಿನ ಮೊದಲ ಭೇಟಿಯೇ ಆಗಿದ್ದರೂ ಡಿ. ಕೂಡುವುದು ನಿಧಾನವಾದರೆ ಜಿ, ಕೂಡದೇ ಉಳಿದರೆ ಕೆ, ಸೊಟ್ಟಗೆ ಕೂಡಿದರೆ ಪಿ, ಬಹುಕಾಲದ ನಂತರ ಉಳಿದ ತೊಂದರೆಗೆ ಎಸ್.

ಒಂದು ಕಾಲ್ಪನಿಕ ರೋಗಿಯನ್ನು ಇಟ್ಟುಕೊಂಡು ಇದನ್ನು ನೋಡೋಣ. ಯುವಕನೊಬ್ಬ ಎಡ ಅಂಗೈ ಊರಿ ಬೀಳುತ್ತಾನೆ. ಹೆಬ್ಬೆರಳಿನ ಬುಡದ ಕುಳಿಯಲ್ಲಿ ಒತ್ತಿದರೆ ನೋವು, ಆದರೆ ಎಕ್ಸ್‌-ರೇಯಲ್ಲಿ ಏನೂ ಕಾಣುವುದಿಲ್ಲ. ಸ್ಕ್ಯಾಫಾಯ್ಡ್ ಮುರಿತ ಮೊದಲ ಚಿತ್ರದಲ್ಲಿ ಕಾಣದಿರುವುದು ಅಪರೂಪವಲ್ಲವಾದ್ದರಿಂದ ವೈದ್ಯರು ‘ಸ್ಕ್ಯಾಫಾಯ್ಡ್ ಮುರಿತದ ಶಂಕೆ’ ಎಂದು ಬರೆದು, ಹೆಬ್ಬೆರಳನ್ನೂ ಸೇರಿಸಿ ಸ್ಪ್ಲಿಂಟ್ ಕಟ್ಟಿ ಕಳಿಸುತ್ತಾರೆ. ಹೊರರೋಗಿ ದಾಖಲೆಯಲ್ಲಿ ಶಂಕೆಯನ್ನು ರೋಗವೆಂದು ಕೋಡ್ ಮಾಡುವಂತಿಲ್ಲ. ಆ ದಿನಕ್ಕೆ ಸಲ್ಲುವುದು ಎಡ ಮಣಿಕಟ್ಟಿನ ನೋವು, ಎಂ25.532. ಎರಡು ವಾರ ಕಳೆದು ಮೂಳೆತಜ್ಞರು ಮತ್ತೆ ಚಿತ್ರ ತೆಗೆಸಿದಾಗ ಸ್ಕ್ಯಾಫಾಯ್ಡ್‌ನ ನಡುಭಾಗದಲ್ಲಿ ತುಣುಕುಗಳು ಸ್ಥಾನ ಬಿಟ್ಟು ಸರಿಯದ ಬಿರುಕು ಕಾಣುತ್ತದೆ, ಅವರು ಪ್ಲಾಸ್ಟರ್ ಹಾಕುತ್ತಾರೆ. ಗಾಯ ಹಳೆಯದಾದರೂ ಮುರಿತಕ್ಕೆ ಚಿಕಿತ್ಸೆ ಶುರುವಾಗುವುದು ಈಗ, ಆದ್ದರಿಂದ ಎಸ್62.025ಎ. ಮುಂದೆ ಪ್ಲಾಸ್ಟರ್ ನೋಡಿಸಲು, ತೆಗೆಸಲು ಬಂದಾಗ ಎಸ್62.025ಡಿ. ಆಘಾತದಿಂದಾದ ಮುರಿತಕ್ಕೆ ಈ ಹಂತದಲ್ಲಿ ಚಿಕಿತ್ಸೆಯ ನಂತರದ ಆರೈಕೆ ಸೂಚಿಸುವ ಆಫ್ಟರ್‌ಕೇರ್‌ನ ಝಡ್ ಕೋಡ್ ಬಳಸಬಾರದು, ಡಿ ಅಕ್ಷರವೇ ಆ ಕೆಲಸ ಮಾಡುತ್ತದೆ.

ಸ್ಕ್ಯಾಫಾಯ್ಡ್‌ಗೆ ರಕ್ತ ಮುಖ್ಯವಾಗಿ ಬೆರಳಿನ ಕಡೆಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂಭಾಗಕ್ಕೆ ರಕ್ತ ಕಡಿಮೆಯಾಗಿ ಮೂಳೆ ಕೂಡದೇ ಉಳಿಯುವ ಅಪಾಯವಿದೆ. ಸಂಹಿತೆ ಈ ಒಂದು ಪುಟ್ಟ ಮೂಳೆಯನ್ನು ಎಸ್62.01, ಎಸ್62.02, ಎಸ್62.03 ಎಂದು ಮುಂತುದಿ, ನಡುಭಾಗ, ಹಿಂಭಾಗವಾಗಿ ಬೇರ್ಪಡಿಸಿರುವುದಕ್ಕೆ ವೈದ್ಯಕೀಯ ಅರ್ಥ ಇರುವುದೂ ಇಲ್ಲಿಯೇ. ನಮ್ಮ ಯುವಕನ ಮೂಳೆ ಕೂಡದೆ, ತಿಂಗಳುಗಳ ನಂತರ ಶಸ್ತ್ರಚಿಕಿತ್ಸೆ ಆಗಿದೆ ಎಂದುಕೊಳ್ಳಿ. ಶಸ್ತ್ರಚಿಕಿತ್ಸೆ ಸಕ್ರಿಯ ಚಿಕಿತ್ಸೆಯಲ್ಲವೆ, ಎ ಹಾಕಬೇಕಲ್ಲವೆ ಎಂದು ಹೊಸಬರು ಕೇಳುತ್ತಾರೆ. ಮಾರ್ಗಸೂಚಿ ಸ್ಪಷ್ಟವಾಗಿದೆ: ಮೊದಲು ಚಿಕಿತ್ಸೆ ಪಡೆದ ಮುರಿತ ಕೂಡದಿದ್ದಕ್ಕೆ ಕೊಡುವ ಚಿಕಿತ್ಸೆ ಕೆ ಅಕ್ಷರಕ್ಕೇ ಸೇರುತ್ತದೆ, ಎಸ್62.025ಕೆ. ಆತ ಮುರಿತಕ್ಕೆ ಚಿಕಿತ್ಸೆಯನ್ನೇ ಪಡೆಯದೆ ತಡಮಾಡಿ ಬಂದಿದ್ದರೆ ಮಾತ್ರ ಎ. ವರ್ಷಗಳ ನಂತರ ಅದೇ ಮಣಿಕಟ್ಟಿನಲ್ಲಿ ಸಂಧಿವಾತ ಕಾಣಿಸಿಕೊಂಡು, ಅದು ಹಳೆಯ ಗಾಯದಿಂದ ಬಂದದ್ದೆಂದು ವೈದ್ಯರು ಬರೆದರೆ ಮೊದಲು ಎಂ19.132, ಆಮೇಲೆ ಎಸ್62.025ಎಸ್.

ಸ್ಕ್ಯಾಫಾಯ್ಡ್ ಮೂಳೆಯನ್ನು ಕೋಡ್ ಪುಸ್ತಕ ನ್ಯಾವಿಕ್ಯುಲರ್ ಎಂಬ ಹೆಸರಿನಡಿ ಇಟ್ಟಿದೆ. ಪಾದದಲ್ಲೂ ಅದೇ ಹೆಸರಿನ ಮೂಳೆಯಿದ್ದು ಅದಕ್ಕೆ ಎಸ್92.25 ಇರುವುದರಿಂದ, ಇಂಡೆಕ್ಸ್‌ನಿಂದ ನೇರವಾಗಿ ಕೋಡ್ ಎತ್ತಿಕೊಳ್ಳದೆ ಕೋಡ್‌ಗಳ ಕ್ರಮವಾರ ಪಟ್ಟಿಯಾದ ಟ್ಯಾಬ್ಯುಲರ್ ಲಿಸ್ಟ್‌ನಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಅಂಗೈ ಮತ್ತು ಬೆರಳುಗಳಲ್ಲಿ ಇಷ್ಟು ತೊಡಕಿಲ್ಲ. ಹೆಬ್ಬೆರಳಿನ ಮೆಟಾಕಾರ್ಪಲ್ (ಅಂಗೈ ಮೂಳೆ) ಎಸ್62.2, ಉಳಿದ ನಾಲ್ಕು ಎಸ್62.3, ಹೆಬ್ಬೆರಳು ಎಸ್62.5, ಉಳಿದ ಬೆರಳುಗಳು ಎಸ್62.6. ಎಸ್62.3 ಮತ್ತು ಎಸ್62.6ರಲ್ಲಿ ಆರನೆಯ ಅಂಕಿ 0ಯಿಂದ 7ರವರೆಗೆ ಸಮವಾದರೆ ಬಲಗೈ, ಬೆಸವಾದರೆ ಎಡಗೈ, ತೋರುಬೆರಳಿನಿಂದ ಕಿರುಬೆರಳಿನ ಕಡೆಗೆ ಕ್ರಮವಾಗಿ ಸಾಗುತ್ತದೆ. ಗೋಡೆಗೆ ಗುದ್ದಿಕೊಂಡು ಬಂದವನ ಬಲಗೈ ಕಿರುಬೆರಳಿನ ಮೆಟಾಕಾರ್ಪಲ್‌ನ ಕುತ್ತಿಗೆ ಮುರಿದು ತುಣುಕು ಸ್ಥಾನ ಬಿಟ್ಟು ಸರಿದಿದ್ದರೆ ಎಸ್62.336ಎ, ಸರಿಯದಿದ್ದರೆ ಎಸ್62.366ಎ. ಸರಿದಿದೆಯೋ ಇಲ್ಲವೋ ಎಂದು ಬರೆದಿರದಿದ್ದರೆ ಸರಿದಿದೆ ಎಂದೂ, ತೆರೆದದ್ದೋ ಮುಚ್ಚಿದ್ದೋ ಎಂದು ಬರೆದಿರದಿದ್ದರೆ ಮುಚ್ಚಿದ್ದೆಂದೂ ಕೋಡ್ ಮಾಡಬೇಕೆಂಬುದು ನಿಯಮ.

ವಯಸ್ಸಾದವರ ಚಾರ್ಟ್ ಬಂದಾಗ ಇನ್ನೊಂದು ಎಚ್ಚರ ಬೇಕು. ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಇದೆಯೆಂದು ದಾಖಲಾಗಿರುವ ಅಜ್ಜಿಯೊಬ್ಬರು ಆರೋಗ್ಯವಂತ ಮೂಳೆ ಮುರಿಯಲಾರದಷ್ಟು ಸಣ್ಣ ಬೀಳುವಿಕೆಯಲ್ಲಿ ಬಲ ಮಣಿಕಟ್ಟು ಮುರಿದುಕೊಂಡರೆ, ಅದಕ್ಕೆ ಎಸ್ ಸರಣಿಯ ಆಘಾತದ ಕೋಡ್ ಅಲ್ಲ, ಎಂ80 ಸರಣಿ. ಆಸ್ಟಿಯೊಪೊರೋಸಿಸ್ ವಯೋಸಹಜವಾದದ್ದಾದರೆ ಎಂ80.031ಎ.

ಇನ್ನು ನಿಮ್ಮ ಚಾರ್ಟ್‌ನಲ್ಲಿ ಎಕ್ಸ್‌-ರೇ ವರದಿಯೂ ಇಲ್ಲದಿದ್ದರೆ ಊಹಿಸಬೇಡಿ, ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೋರುವ ಪ್ರಶ್ನೆ) ಕಳಿಸಿ. ‘ಇದು ಸ್ಕ್ಯಾಫಾಯ್ಡ್ ಮುರಿತವಲ್ಲವೆ?’ ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆ ಮಾತ್ರ ಕೂಡದು. ಮುರಿದ ಮೂಳೆ ಮತ್ತು ಅದರ ಭಾಗವನ್ನು, ಚಿಕಿತ್ಸೆ ಯಾವ ಹಂತದಲ್ಲಿದೆ ಎಂಬುದನ್ನು ದಯವಿಟ್ಟು ದಾಖಲಿಸಿ ಎಂದು ಕೇಳಿ. ಆಯ್ಕೆಗಳನ್ನು ಕೊಡುವುದಾದರೆ ದಾಖಲೆಯಲ್ಲಿನ ಲಕ್ಷಣಗಳಿಗೆ ಹೊಂದುವಂಥವನ್ನು ಕೊಟ್ಟು, ಜೊತೆಗೆ ‘ಬೇರೆ’ ಮತ್ತು ‘ನಿರ್ಧರಿಸಲಾಗದು’ ಎಂಬ ಎರಡನ್ನೂ ಸೇರಿಸಿ.