ಸರ್ವರ್ ಕೋಣೆ: ದಾರಿ ಮುಚ್ಚಿದ್ದರೆ ಮುಚ್ಚಿದೆ ಎನ್ನಲಿ

ಪ್ರಶ್ನೆ: ಮನೆಯಿಂದಲೇ ಬೆಂಗಳೂರಿನ ಒಂದು ಡೇಟಾ ಸೆಂಟರ್‌ನ ರಾತ್ರಿ ಪಾಳಿ ನೋಡಿಕೊಳ್ಳುತ್ತೇನೆ. ಸಿಸ್ಕೋ ಯುಸಿಎಸ್ ಸರ್ವರ್‌ಗಳಿಗೆ ಹೊಸ ನೆಟ್‌ವರ್ಕ್ ಕಂಟ್ರೋಲ್ ಪಾಲಿಸಿ (ಸರ್ವರ್‌ನ ಜಾಲದ ಲಿಂಕ್ ಹೇಗೆ ವರ್ತಿಸಬೇಕೆಂಬ ನಿಯಮ) ಮಾಡಬೇಕಾಗಿದೆ. ‘ಆ್ಯಕ್ಷನ್ ಆನ್ ಅಪ್‌ಲಿಂಕ್ ಫೇಲ್’ (ಹೊರಜಾಲಕ್ಕೆ ಹೋಗುವ ಅಪ್‌ಲಿಂಕ್ ಕಡಿದರೆ ಏನು ಮಾಡಬೇಕು) ಎಂಬಲ್ಲಿ ಲಿಂಕ್ ಡೌನ್ ಇಡಲೇ, ವಾರ್ನಿಂಗ್ ಇಡಲೇ? ವಾರ್ನಿಂಗ್ ಇಟ್ಟರೆ ಸರ್ವರ್‌ನ ಲಿಂಕ್ ಬೀಳುವುದೇ ಇಲ್ಲ, ಅದೇ ಕ್ಷೇಮ ಎನ್ನುತ್ತಾರೆ ಜೊತೆಯವರು.
– ಓದುಗರು, ಪೊನ್ನಂಪೇಟೆ

ಉತ್ತರ: ಲಿಂಕ್ ಡೌನ್ ಇಡಿ. ನಿಮ್ಮ ಜೊತೆಯವರ ಮಾತನ್ನೇ ನಂಬಿ ನಾನೂ ಒಮ್ಮೆ ವಾರ್ನಿಂಗ್ ಇಟ್ಟಿದ್ದೆ.

ಅದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ. ನಾಪೋಕ್ಲು ಕಡೆಯ ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ನೆರೆ (ಎಲೆಗಳ ಕಟ್ಟು) ಕಟ್ಟಿ ಎಲ್ಲರೂ ಗದ್ದೆಗೆ ಇಳಿದಿದ್ದೆವು. ಗುಂಡು ಹಾರಿಸಿ, ಕದಿರು ಕೊಯ್ದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಬದುವಿನ ಮೇಲೆ ವಾಪಸ್ ಬರುವಾಗ ಫೋನ್ ಬಂತು. ಸಿಗ್ನಲ್ ನಿಲ್ಲುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಒಂದು ಕೈಯಲ್ಲಿ ಕದಿರು, ಇನ್ನೊಂದರಲ್ಲಿ ಫೋನ್ ಹಿಡಿದು ಅಲ್ಲೇ ನಿಂತೆ. ಬೆಂಗಳೂರಿನಲ್ಲಿ ಮೇಲಿನ ಸ್ವಿಚ್ ಬದಲಿಸಲು ಸರ್ವರ್‌ಗಳನ್ನು ಹೊರಜಾಲಕ್ಕೆ ಜೋಡಿಸುವ ಎರಡು ಫ್ಯಾಬ್ರಿಕ್ ಇಂಟರ್‌ಕನೆಕ್ಟ್‌ಗಳಲ್ಲಿ ಎ ಕಡೆಯದರ ಅಪ್‌ಲಿಂಕ್‌ಗಳನ್ನೆಲ್ಲ ಬಿಚ್ಚಿದ್ದರು. ಬಿ ಕಡೆ ಗಟ್ಟಿಯಾಗಿತ್ತು. ಆದರೂ ಅರ್ಧಕ್ಕರ್ಧ ವರ್ಚುವಲ್ ಮಷಿನ್‌ಗಳು ಉತ್ತರ ಕೊಡುತ್ತಿಲ್ಲ. ಆ ಮಷಿನ್‌ಗಳನ್ನು ಓಡಿಸುವ ಇಎಸ್‌ಎಕ್ಸ್‌ಐ ತೆರೆದರೆ ಅದರ ಜಾಲದ ಕಾರ್ಡ್‌ಗಳಾದ ವಿಎಂನಿಕ್ 0 (ಎ ಕಡೆ), ವಿಎಂನಿಕ್ 1 (ಬಿ ಕಡೆ) ಎರಡೂ ಅಪ್. ಯುಸಿಎಸ್ ಮ್ಯಾನೇಜರ್‌ನಲ್ಲಿ ದೋಷದ ಸಾಲು ಬಿದ್ದಿತ್ತು ನಿಜ, ಕೆಲಸದ ರಾತ್ರಿಯ ನೂರಾರು ಸಾಲುಗಳ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಾರಣ ಹಿಡಿಯಲು 40 ನಿಮಿಷ ಹೋಯಿತು.

ಕಾರಣ ಇಷ್ಟೇ. ಇಂಟರ್‌ಕನೆಕ್ಟ್ ಸಾಮಾನ್ಯವಾಗಿ ಓಡುವ ಎಂಡ್ ಹೋಸ್ಟ್ ಮೋಡ್‌ನಲ್ಲಿ ಸರ್ವರ್‌ನ ಪ್ರತಿ ವಿನಿಕ್ (ವರ್ಚುವಲ್ ಜಾಲದ ಕಾರ್ಡ್; ಇಎಸ್‌ಎಕ್ಸ್‌ಐಗೆ ವಿಎಂನಿಕ್ ಆಗಿ ಕಾಣುವುದು ಇದೇ) ಒಂದು ಅಪ್‌ಲಿಂಕ್‌ಗೆ ಪಿನ್ ಆಗಿರುತ್ತದೆ, ಅಂದರೆ ಅದಕ್ಕೇ ಕಟ್ಟಿಕೊಂಡಿರುತ್ತದೆ. ಒಂದು ಅಪ್‌ಲಿಂಕ್ ಹೋದರೆ ಇನ್ನೊಂದಕ್ಕೆ ಪಿನ್ ಆಗುತ್ತದೆ. ಒಂದೂ ಉಳಿಯದಿದ್ದಾಗ ಏನು ಮಾಡಬೇಕು ಎಂಬುದನ್ನೇ ಈ ಪಾಲಿಸಿ ಹೇಳುವುದು. ಲಿಂಕ್ ಡೌನ್ ಇದ್ದರೆ ವಿನಿಕ್ ಬೀಳುತ್ತದೆ, ಸರ್ವರ್‌ಗೆ ಅದು ಕೂಡಲೇ ತಿಳಿಯುತ್ತದೆ, ಎರಡು ಕಾರ್ಡ್‌ಗಳನ್ನು ಜೊತೆಯಾಗಿ ಬಳಸುವ ಟೀಮಿಂಗ್ ಎಲ್ಲವನ್ನೂ ಬಿ ಕಡೆಗೆ ತಿರುಗಿಸುತ್ತದೆ. ವಾರ್ನಿಂಗ್ ಇದ್ದರೆ ವಿನಿಕ್ ಜೀವಂತವಾಗಿಯೇ ಕಾಣುತ್ತದೆ. ಸರ್ವರ್ ಪಾಪ, ದಾರಿ ಇದೆ ಎಂದುಕೊಂಡು ಪ್ಯಾಕೆಟ್ ಕಳಿಸುತ್ತಲೇ ಇರುತ್ತದೆ. ವಿನಿಕ್‌ನಲ್ಲಿ ಫ್ಯಾಬ್ರಿಕ್ ಫೇಲ್‌ಓವರ್‌ಗೆ (ಒಂದು ಕಡೆ ಬಿದ್ದರೆ ಯುಸಿಎಸ್ ತಾನೇ ಇನ್ನೊಂದು ಕಡೆಗೆ ತಿರುಗಿಸುವ ಏರ್ಪಾಡು) ಗುರುತು ಹಾಕಿದ್ದರೂ ವಾರ್ನಿಂಗ್ ಇರುವಾಗ ಅದು ನಡೆಯುವುದಿಲ್ಲ.

2018ರ ಆಗಸ್ಟ್ ನಿಮಗೂ ನೆನಪಿರಬೇಕು. ಗುಡ್ಡ ಕುಸಿದು ಮದೆನಾಡು, ಜೋಡುಪಾಲದ ಕಡೆ ಮಂಗಳೂರು ರಸ್ತೆಯೇ ಕಡಿದುಹೋಗಿತ್ತು. ಕುಶಾಲನಗರದಲ್ಲೇ ತಡೆದರೆ ಲಾರಿಯವನು ಗಾಡಿ ತಿರುಗಿಸಿ ಬೇರೆ ದಾರಿ ನೋಡುತ್ತಾನೆ. ಯಾರೂ ತಡೆಯದೆ ಮದೆನಾಡಿನವರೆಗೆ ಹೋದವನಿಗೆ ಹಿಂದೆಯೂ ಸಾಲು, ಮುಂದೆ ಮಣ್ಣು.

ಹಾಗಂತ ವಾರ್ನಿಂಗ್‌ಗೆ ಕೆಲಸವೇ ಇಲ್ಲ ಎನ್ನಲಾರೆ. ಹೊರಗಿನ ಜಾಲ ಪೂರ್ತಿ ಹೋದರೂ ಒಂದೇ ಇಂಟರ್‌ಕನೆಕ್ಟ್‌ನ ಕೆಳಗಿನ ಸರ್ವರ್‌ಗಳು ತಮ್ಮೊಳಗೆ ಮಾತಾಡುತ್ತಲೇ ಇರಬೇಕಾದ ಕಡೆ ಅದು ಬೇಕು. ಅದಕ್ಕೆ ಪ್ರತ್ಯೇಕ ಪಾಲಿಸಿ ಮಾಡಿ, ಆ ವಿನಿಕ್‌ಗಳಿಗಷ್ಟೇ ಹಾಕಿ.

ಪಾಲಿಸಿಯನ್ನು ಲ್ಯಾನ್ ಟ್ಯಾಬ್‌ನಲ್ಲಿ ಬರೆದಿಟ್ಟರೆ ಸಾಲದು, ವಿನಿಕ್‌ಗೆ ಅಥವಾ ವಿನಿಕ್ ಟೆಂಪ್ಲೇಟ್‌ಗೆ ಸೇರಿಸಿದ ಮೇಲೆಯೇ ಅದಕ್ಕೆ ಜೀವ. ಟೆಂಪ್ಲೇಟ್ ‘ಅಪ್‌ಡೇಟಿಂಗ್’ ಬಗೆಯದಾದರೆ ಅದರಿಂದ ಹುಟ್ಟಿದ ಎಲ್ಲ ವಿನಿಕ್‌ಗಳಿಗೂ ಬದಲಾವಣೆ ಇಳಿಯುತ್ತದೆ. ಆದ್ದರಿಂದ ಎಷ್ಟು ಸರ್ವರ್‌ಗಳು ಅದಕ್ಕೆ ಸೇರಿವೆ ಎಂದು ಎಣಿಸದೆ ಸೇವ್ ಒತ್ತಬೇಡಿ. ಮುಗಿದ ಮೇಲೆ ಅನುಮತಿ ಪಡೆದ ಸಮಯದಲ್ಲಿ ಎ ಕಡೆಯ ಅಪ್‌ಲಿಂಕ್‌ಗಳನ್ನು ನೀವೇ ಕೆಳಗಿಳಿಸಿ, ವಿಎಂನಿಕ್ 0 ಬೀಳುವುದನ್ನು ಕಣ್ಣಾರೆ ನೋಡಿ. ನಾನು ಆಗ ಇದನ್ನು ಮಾಡಿರಲಿಲ್ಲ.

ಪ್ರಶ್ನೆ: ಭದ್ರತೆಗೆಂದು ನೆಟ್‌ವರ್ಕ್ ಕಂಟ್ರೋಲ್ ಪಾಲಿಸಿಯ ಮ್ಯಾಕ್ ಸೆಕ್ಯುರಿಟಿಯಲ್ಲಿ (ಮ್ಯಾಕ್ ಎಂದರೆ ಜಾಲದ ಕಾರ್ಡ್‌ನ ಗುರುತಿನ ವಿಳಾಸ) ಫೋರ್ಜ್ ಎಂಬುದನ್ನು ‘ಡಿನೈ’ ಮಾಡಿದೆ. ಈಗ ಆ ಸರ್ವರ್‌ನಲ್ಲಿ ಇಎಸ್‌ಎಕ್ಸ್‌ಐ ಇನ್‌ಸ್ಟಾಲ್ ಸರಿಯಾಗಿ ಆಗುತ್ತಿಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ‘ಅಲೋ’ಗೆ ಮರಳಿಸಿ. ಮೂಲದಲ್ಲಿ ಇರುವುದೂ ಅದೇ. ಡಿನೈ ಇದ್ದರೆ ಮೊದಲ ಪ್ಯಾಕೆಟ್ ಯಾವ ಮ್ಯಾಕ್ ವಿಳಾಸದಿಂದ ಬಂತೋ ಅದೊಂದಕ್ಕೇ ದಾರಿ, ಬೇರೆ ವಿಳಾಸದಿಂದ ಬಂದದ್ದೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇಎಸ್‌ಎಕ್ಸ್‌ಐ ಇನ್‌ಸ್ಟಾಲ್ ಆಗುವಾಗಲೇ ಒಂದಕ್ಕಿಂತ ಹೆಚ್ಚು ವಿಳಾಸ ಬೇಕು, ಆಮೇಲೆ ಅದರೊಳಗಿನ ಪ್ರತಿ ವರ್ಚುವಲ್ ಮಷಿನ್‌ಗೂ ತನ್ನದೇ ವಿಳಾಸ. ಒಂದೇ ಆಪರೇಟಿಂಗ್ ಸಿಸ್ಟಮ್ ನೇರವಾಗಿ ಓಡುವ ಸರ್ವರ್‌ಗಾದರೆ ಡಿನೈ ಇಡುವ ನಿಮ್ಮ ಯೋಚನೆ ಚೆನ್ನಾಗಿದೆ.

ಪ್ರಶ್ನೆ: ನೆಟ್‌ವರ್ಕ್ ಕಂಟ್ರೋಲ್ ಪಾಲಿಸಿಯಲ್ಲಿ ಸಿಡಿಪಿ (ಪಕ್ಕದ ಸಾಧನಕ್ಕೆ ತನ್ನ ಹೆಸರು ಹೇಳುವ ಸಿಸ್ಕೋ ಪ್ರೋಟೊಕಾಲ್) ಆನ್ ಮಾಡಬೇಕೇ?
– ಓದುಗರು, ವಿರಾಜಪೇಟೆ

ಉತ್ತರ: ಮಾಡಿ. ಮೂಲದಲ್ಲಿ ಅದು ಆಫ್ ಇರುತ್ತದೆ. ಇಎಸ್‌ಎಕ್ಸ್‌ಐನ ಸ್ಟ್ಯಾಂಡರ್ಡ್ ಸ್ವಿಚ್‌ಗೆ ಅರ್ಥವಾಗುವುದು ಸಿಡಿಪಿ ಮಾತ್ರ. ಲಿನಕ್ಸ್ ಸರ್ವರ್‌ಗಳಿದ್ದರೆ ಅದೇ ಕೆಲಸ ಮಾಡುವ ಎಲ್‌ಎಲ್‌ಡಿಪಿಯ ಟ್ರಾನ್ಸ್‌ಮಿಟ್, ರಿಸೀವ್ ಎರಡನ್ನೂ ಆನ್ ಮಾಡಿ. ಸಿಡಿಪಿ ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ಹೊರಡುವುದರಿಂದ ಒಂದು ನಿಮಿಷ ಕಾದು ನೋಡಿ. ಇಎಸ್‌ಎಕ್ಸ್‌ಐನಲ್ಲಿ ವಿಎಂನಿಕ್ 0 ಎದುರು ಎ ಕಡೆಯ ಇಂಟರ್‌ಕನೆಕ್ಟ್‌ನ ಹೆಸರು, ವಿಎಂನಿಕ್ 1 ಎದುರು ಬಿ ಕಡೆಯ ಹೆಸರು ಬರಬೇಕು. ಎರಡರ ಎದುರೂ ಒಂದೇ ಹೆಸರು ಬಂದರೆ ಲಿಂಕ್ ಡೌನ್ ಇಟ್ಟರೂ ಆ ಸರ್ವರ್‌ಗೆ ತಿರುಗಲು ಇನ್ನೊಂದು ದಾರಿ ಇಲ್ಲ. ಮೊದಲು ಅದನ್ನು ಸರಿಪಡಿಸಿ.