ಸಿಕ್ಕಿದ ಎಲ್ಲಾ ವರ್ಷದ ಡೇಟಾ ಸೇರಿಸಿ ಗಾದಂಕಿ ರೇಡಾರ್ ಎಕೋಗಳ ತಿಂಗಳವಾರು ಗ್ರಾಫ್ ಮಾಡೋಕೆ ಪೈಥಾನ್ ಸಾಕಾ, ಮ್ಯಾಟ್‌ಲ್ಯಾಬ್ ಕಲೀಬೇಕಾ?

ಎಕ್ಸೆಲ್‌ನಲ್ಲೇ ಮಾಡಿ ಬೇಕಾದ್ರೆ, ಅದಲ್ಲ ವಿಷಯ. ನನಗೆ ಗಾಬರಿ ಆಗಿದ್ದು ನೀವು "ಸಿಕ್ಕಿದ ಎಲ್ಲಾ ವರ್ಷದ ಡೇಟಾ ಸೇರಿಸಿ" ಅಂತ ಬರ್ದಿದ್ದೀರಲ್ಲ, ಅದನ್ನ ನೋಡಿ. ಎಂಎಸ್ಸಿ ಪ್ರಾಜೆಕ್ಟಲ್ಲಿ ನಾನು ಮಾಡಿದ್ದೂ ಥೇಟ್ ಇದೇ.

ಅದೇ ತಿರುಪತಿ ಹತ್ತಿರದ 53 ಮೆಗಾಹರ್ಟ್ಸ್ ರೇಡಾರ್, ರಾತ್ರಿ ಹೊತ್ತಿನ ಎಫ್ ಲೇಯರ್ (ಅಯಾನುಗೋಳದ ಮೇಲಿನ ಪದರ) ಎಕೋಗಳು, ಅಂದ್ರೆ ಅಲ್ಲಿಂದ ರೇಡಾರ್‌ಗೆ ವಾಪಸ್ ಬರೋ ಸಿಗ್ನಲ್‌ಗಳು. ಓದಿದ್ದೆಲ್ಲಾ ಕಡೆ ಭಾರತದಲ್ಲಿ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಜಾಸ್ತಿ ಅಂತಿತ್ತು. ಇಲ್ಲಿ ಭೂಕಾಂತ ರೇಖೆಗಳು ಹೆಚ್ಚುಕಮ್ಮಿ ನೇರ ಉತ್ತರ-ದಕ್ಷಿಣ ಇವೆ, ಹಗಲು ರಾತ್ರಿ ಸಮ ಇರೋ ವಿಷುವದ ಹೊತ್ತಲ್ಲಿ ಸೂರ್ಯಾಸ್ತದ ಗೆರೆನೂ ಹಾಗೇ ಹಾದುಹೋಗತ್ತೆ, ರೇಖೆಯ ಎರಡೂ ತುದಿಲಿ ಒಟ್ಟಿಗೇ ಕತ್ತಲಾಗಿ ಲೇಯರ್ ಸರ್ರಂತ ಮೇಲೇಳತ್ತೆ, ಅದರ ತಳ ಕದಡಿ ಪ್ಲೂಮ್, ಅಂದ್ರೆ ಮೇಲಕ್ಕೇಳೋ ತೆಳು ಗುಳ್ಳೆ, ಹುಟ್ಟತ್ತೆ, ಎಕೋ ಬರೋದು ಅದರಿಂದ. ಬ್ರೆಜಿಲಲ್ಲಿ ರೇಖೆಗಳು ವಾಲಿರೋದ್ರಿಂದ ಇದೇ ಆಟ ಡಿಸೆಂಬರ್ ಸುಮಾರಿಗೆ. ಆದ್ರೆ ನನ್ನ ಗ್ರಾಫಲ್ಲಿ ಜೂನ್-ಜುಲೈನೂ ಎದ್ದು ನಿಂತಿತ್ತು! ನಾಯ್ಸ್ ಇರ್ಬೇಕು ಅಂತ ಥ್ರೆಶೋಲ್ಡ್ (ಎಕೋ ಅಂತ ಎಣಿಸೋಕೆ ಬೇಕಾದ ಕನಿಷ್ಠ ಬಲ) ಏರಿಸಿದೆ, ಆಮೇಲೆ ಇನ್ನೂ ಏರಿಸಿದೆ, ಒಂದು ಸೆಮಿಸ್ಟರ್ ಅದರಲ್ಲೇ ಮುಳುಗೋಯ್ತು, ಒಳ್ಳೇ ಎಕೋಗಳೂ ಅದರ ಜೊತೆ ಹೋದ್ವು.

ಡೇಟಾದಲ್ಲಿ ಏನೂ ಕೆಟ್ಟಿರ್ಲಿಲ್ಲ. ಸೂರ್ಯ ಚುರುಕಾಗಿರೋ ವರ್ಷಗಳ ವಿಷುವದ ಎಕೋ ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೇ ಶುರು. 2008-09ರ ಥರ ಸೂರ್ಯ ಮಂಕಾಗಿದ್ದಾಗ ಜೂನ್ ಸುಮಾರಿಗೆ ಬರೋದು ನಡುರಾತ್ರಿ ಹೊತ್ತಿಗೋ ಅದಾದ್ಮೇಲೋ. ಹುಟ್ಟೋ ಹೊತ್ತೇ ಬೇರೆ, ವರ್ಷಾನೂ ಬೇರೆ. ನಾನು ಇಡೀ ರಾತ್ರಿಗೆ ಎಕೋ ಬಂತು ಅಥವಾ ಬರ್ಲಿಲ್ಲ ಅಂತ ಒಂದೇ ಟಿಕ್ ಹಾಕಿದ್ದೆ, ಗಂಟೆ ಬರ್ಕೊಂಡಿರ್ಲಿಲ್ಲ, ಮೇಲಿಂದ ವರ್ಷಗಳನ್ನೂ ಕಲಸಿಬಿಟ್ಟಿದ್ದೆ. ಮುಂಗಾರು ಹಿಂಗಾರು ಎರಡನ್ನೂ ಒಂದೇ ಬಕೆಟ್‌ಗೆ ಹಿಡಿದು ಇದು ಯಾವ ಮಳೆ ಅಂತ ಕೇಳಿದ ಹಾಗೆ. ಗಂಟೆ ಇದ್ದಿದ್ರೆ ಒಂದೇ ಸಂಜೇಲಿ ಗೊತ್ತಾಗ್ತಿತ್ತು.

ಹಾಗಾಗಿ ಬಾರ್ ಚಾರ್ಟ್ ಬಿಡಿ. ತಿಂಗಳು ಒಂದು ಕಡೆ, ಸ್ಥಳೀಯ ಸಮಯ ಇನ್ನೊಂದು ಕಡೆ ಇಟ್ಟು ಚೌಕಳಿ ಮಾಡಿ, ಸೂರ್ಯನ ಚುರುಕು ಅಳೆಯೋ ಎಫ್ 10.7 ಸೂಚ್ಯಂಕ ನೋಡಿ ವರ್ಷಗಳನ್ನ ಬೇರೆ ಬೇರೆ ಹಾಕಿ. ಪ್ರತಿ ಚೌಕದ ಲೆಕ್ಕಾನೂ ಆ ಹೊತ್ತಲ್ಲಿ ರೇಡಾರ್ ನಿಜವಾಗಿ ಓಡಿದ ರಾತ್ರಿಗಳಿಂದ ಭಾಗಿಸಿ, ಕ್ಯಾಂಪೇನ್ (ರೇಡಾರ್ ಓಡಿಸಿದ ಅವಧಿ) ಜಾಸ್ತಿ ಇದ್ದ ತಿಂಗಳಲ್ಲಿ ಎಕೋನೂ ಜಾಸ್ತಿ ಕಾಣೋದು ಸಹಜ ಅಲ್ವಾ. ಚೌಕ ಖಾಲಿ ಬಂದ್ರೆ ಆಕಾಶ ಶಾಂತವಾಗಿತ್ತು ಅಂತ ಬರೀಬೇಡಿ, ಈ ರೇಡಾರ್‌ಗೆ ಕಾಣೋದು ಎಲೆಕ್ಟ್ರಾನ್ ದಟ್ಟಣೆಯಲ್ಲಿನ ಸುಮಾರು 2.8 ಮೀಟರ್ ಅಳತೆಯ ಏರಿಳಿತ ಮಾತ್ರ. ಅದು ಬೇಗ ಸಾಯತ್ತೆ, ಜಿಪಿಎಸ್ ಸಿಗ್ನಲ್ ಅಲ್ಲಾಡಿಸೋ ದೊಡ್ಡವು ಆಮೇಲೂ ತೇಲ್ತಾ ಇರ್ತವೆ.