ಸೊಂಟದ ಕೀಲು ಸವೆದವರು ನಡೆದರೆ ಇನ್ನೂ ಸವೆಯುತ್ತದೆಯೇ?

ಇಲ್ಲ, ಹದವಾಗಿ ನಡೆದರೆ ಒಳ್ಳೆಯದೇ. ತೀರ್ಥಹಳ್ಳಿಯಲ್ಲಿರುವ ನಿಮ್ಮ ಅಮ್ಮ ಆರ್ಥ್ರೈಟಿಸ್‌ಗೆ ಹೆದರಿ ಓಡಾಟವನ್ನೇ ಬಿಟ್ಟಿದ್ದಾರೆ ಅಂದಿರಿ. ಸುಮ್ನೆ ಕೂತರೆ ಕೀಲು ಇನ್ನೂ ಬಿಗಿಯುತ್ತದೆ. ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರ, ಅಂದರೆ ಕಾರ್ಟಿಲೇಜ್‌ಗೆ, ರಕ್ತನಾಳಗಳಿಲ್ಲ. ಸ್ಪಂಜು ಹಿಂಡಿ ಬಿಟ್ಟ ಹಾಗೆ, ಕಾಲು ಆಡಿದಾಗ ಕೀಲಿನೊಳಗಿನ ದ್ರವ ಅದರಲ್ಲಿ ಹೋಗಿ ಬಂದು ಪೋಷಣೆ ಕೊಡುತ್ತದೆ. ಸೊಂಟದ ಸುತ್ತಲಿನ ಸ್ನಾಯುಗಳೂ ಗಟ್ಟಿಯಾಗಿ ಕೀಲಿಗೆ ಆಸರೆಯಾಗುತ್ತವೆ.

ತೋಟದ ಇಳಿಜಾರು, ಹಾವಸೆ ಕಟ್ಟಿದ ಮೆಟ್ಟಿಲು ಮಾತ್ರ ಬೇಡ. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುತ್ತದೆ ಅಲ್ವಾ, ಅಲ್ಲೇ 10 ನಿಮಿಷ, ದಿನಕ್ಕೆರಡು ಸಲ. ಮಳೆಗಾಲದಲ್ಲಿ ಜಗಲಿಯೇ ಸಾಕು. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ತುಂಬಾ ಜನ ತಪ್ಪುವುದು ಇಲ್ಲೇ. ನಿದ್ದೆ ಕೆಡಿಸುವಷ್ಟು ನೋವಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಮುಂದೂಡಬೇಡಿ.